ಗಂಜಿ, ಬೆಲ್ಲ ಮತ್ತು ನನ್ನ ಪ್ರೊಬೇಷನ್ನು

ಒಬ್ಬೊಬ್ಬರಿಗೆ ಒಂದೊಂದು ಗ್ರಹ ಕಾಟ ಕೊಡುತ್ತೆ. ಕೆಲವರಿಗೆ ಶನಿ, ಕೆಲವರಿಗೆ ರಾಹು. ನನಗೆ ಕಾಟ ಕೊಟ್ಟಿದ್ದು ಕಾರ್ಬೋಹೈಡ್ರೇಟು. ನಗಬೇಡಿ. ಅಕ್ಕಿ, ರಾಗಿ, ಬೆಲ್ಲ, ಸಕ್ಕರೆ ಎಲ್ಲದರಲ್ಲೂ ತುಂಬಿಕೊಂಡಿರುವ ಈ ಪದಾರ್ಥದ ವಿಷಯ ಪಾಠ ಹೇಳುವುದೇ ನನ್ನ ಹೊಟ್ಟೆಪಾಡು. ಅದು ಪುಸ್ತಕದೊಳಗೆ ತೆಪ್ಪಗೆ ಬಿದ್ದಿರಬೇಕೋ ಬೇಡವೋ? ನಾನು ಹೋದಲ್ಲೆಲ್ಲ ಹಿಂದೆಯೇ ಬಂದು ನನ್ನ ಮಾನ ಕಳೆಯಿತು.

ಅರವತ್ತರ ದಶಕದ ಮಾತು. ನಾನು ಯಳಂದೂರು ಪಕ್ಕದ ಅಗರದವನು. ಮೈಸೂರಿನಲ್ಲಿ ಬಿ.ಎಸ್ಸಿ. ಓದಿ ಹನೂರಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ್ದೆ. ಎರಡು ವರ್ಷ ಪ್ರೊಬೇಷನ್. ಆಮೇಲೆ ಇನ್ಸ್‌ಪೆಕ್ಟರು ಬಂದು ನನ್ನ ಪಾಠ ನೋಡುತ್ತಾರೆ. ಒಪ್ಪಿದರೆ ಕೆಲಸ ಖಾಯಂ, ಒಪ್ಪದಿದ್ದರೆ ಅಗರಕ್ಕೆ ವಾಪಸು, ಅಪ್ಪನ ನೇಗಿಲ ಹಿಂದೆ. ಅಷ್ಟೇ ಆಗಿದ್ದರೆ ನೇಗಿಲಾದರೂ ಹಿಡಿಯುತ್ತಿದ್ದೆ. ಆದರೆ ಆ ಖಾಯಮ್ಮಿಗೆ ಒಂದು ಹೆಣ್ಣು ಗಂಟು ಬಿದ್ದಿತ್ತು.

೧. ನೀಲಿ ರಕ್ತದ ಗಂಡು

ಹೆಣ್ಣು ಮುಳ್ಳೂರಿನವಳು. ಅವಳ ಅಪ್ಪ ಕಬ್ಬು ಬೆಳೆಯುವ ರೈತ, ಸ್ವಂತದ್ದೊಂದು ಆಲೆಮನೆ ಇತ್ತು. ನೋಡಲು ಬನ್ನಿ ಎಂದು ಹೇಳಿ ಕಳಿಸಿದರು. ನಾನು ಹಿಂದಿನ ದಿನವೇ ಪಂಚೆಗೆ ಅಕ್ಕಿ ಗಂಜಿ ಹಾಕಿ, ರೊಟ್ಟಿ ಹಂಗೆ ಗರಿಗರಿ ಮಾಡಿಟ್ಟುಕೊಂಡೆ. ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಬಂದು ಇಳಿದವನು ರಸ್ತೆ ಹಿಡಿದು ನಡೆದಿದ್ದರೆ ಏನೂ ಆಗುತ್ತಿರಲಿಲ್ಲ. ಬೇಗ ತಲುಪುವ ಆಸೆಗೆ ಬೇಲಿ ನುಗ್ಗಿದೆ. ಜಾಲಿ ಮುಳ್ಳು ಮೊಣಕಾಲು ಗೀರಿತು.

ಜಗಲಿಯ ಮೇಲೆ ಕೂತಾಗ ಹೆಣ್ಣಿನ ಅಪ್ಪ ರಕ್ತ ನೋಡಿ ಒಳಗಿಂದ ಟಿಂಚರ್ ಅಯೋಡಿನ್ ಸೀಸೆ ತಂದರು. "ಎತ್ತಿಗೆ ಅಂತ ಇಟ್ಟಿವ್ನಿ ಮೇಷ್ಟ್ರೇ, ನಿಮಗೂ ಆಯ್ತದೆ" ಅಂದರು. ಗಾಯಕ್ಕೆ ಸುರಿದದ್ದು ಅರ್ಧ, ಪಂಚೆಗೆ ಸುರಿದದ್ದು ಅರ್ಧ.

ಅಕ್ಕಿ ಗಂಜಿಯಲ್ಲಿ ಇರುವುದೆಲ್ಲ ಪಿಷ್ಟ. ಪಿಷ್ಟಕ್ಕೆ ಅಯೋಡಿನ್ ತಾಗಿದರೆ ಕಡುನೀಲಿ. ಒಂಬತ್ತನೇ ಕ್ಲಾಸಿಗೆ ನಾನೇ ಬೋರ್ಡಿನ ಮೇಲೆ ಬರೆದುಕೊಟ್ಟಿದ್ದ ವಾಕ್ಯ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಿಳೀ ಪಂಚೆ ಮೊಣಕಾಲಿನ ಸುತ್ತ ಮಸಿ ಕುಡಿದ ಹಂಗಾಯಿತು.

ಹೆಣ್ಣಿನ ಅಜ್ಜಿ ಬಗ್ಗಿ ನೋಡಿ ಬಾಯಿ ಬಡಿದುಕೊಂಡರು. "ಅಯ್ಯೋ ಸಿವನೇ, ಗಂಡಿನ ರಕ್ತ ನೀಲಿ ತಿರಿಕತದಲ್ಲೋ! ಇದು ಮುಳ್ಳಲ್ಲ ಕಣ್ಲಾ, ಆವು ಮುಟ್ಟದೆ!"

"ಹಾವಲ್ಲ ಅಜ್ಜಿ, ಇದು ಪಿಷ್ಟ..." ಅಂತ ನಾನು ಶುರು ಮಾಡಿದೆ.

"ನೋಡ್ಲಾ, ಮಾತೂ ತೊದಲ್ತಾ ಅದೆ!" ಅಂದರು ಅಜ್ಜಿ.

ನಿಮಿಷದಲ್ಲಿ ಬೀದಿ ಜನವೆಲ್ಲ ಜಗಲಿ ಮೇಲೆ. ಹಾವು ಕಚ್ಚಿದವನಿಗೆ ಬೇವು ಕಹಿಯಾಗುವುದಿಲ್ಲ ಅನ್ನುವುದು ನಮ್ಮ ಕಡೆ ನಂಬಿಕೆ. ಯಾರೋ ಓಡಿಹೋಗಿ ಒಂದು ಕೊಂಬೆ ಮುರಿದು ತಂದರು, ಇನ್ಯಾರೋ ಒಂದು ಹಿಡಿ ಸೊಪ್ಪು ಕಿತ್ತು ನನ್ನ ಬಾಯಿಗೆ ತುರುಕಿದರು. ನನ್ನ ಮುಖ ಕಿವುಚಿಕೊಂಡದ್ದು ನೋಡಿ ಅಜ್ಜಿ ಕೈ ಮುಗಿದರು. "ಕಯ್ಯಿ ಅಂತಾನೆ, ಬದುಕ್ದ ಬುಡಿ!"

ಬಾಗಿಲ ಹಿಂದೆ ಒಬ್ಬಳು ಸೆರಗು ಕಚ್ಚಿಕೊಂಡು ನಗುತ್ತಿದ್ದಳು. ಹೆಣ್ಣು ಅವಳೇ. ಕಣ್ಣಲ್ಲಿ ನೀರು ಬರುವ ಹಂಗೆ ನಗುತ್ತಿದ್ದಳು. ಬಾಯಿ ತುಂಬ ಬೇವು ಇಟ್ಟುಕೊಂಡೇ ನಾನು ತೀರ್ಮಾನ ಮಾಡಿಬಿಟ್ಟೆ, ಮದುವೆ ಅಂತ ಆದರೆ ಇವಳನ್ನೇ.

ಗಲಾಟೆ ಇಳಿದ ಮೇಲೆ ಅವಳ ಅಪ್ಪ ಗಂಟಲು ಸರಿಮಾಡಿಕೊಂಡರು. "ಜೀವ ಉಳೀತು, ಅದು ಸರಿ. ಕೆಲ್ಸ ಪರ್ಮನೆಂಟಾ?"

"ಇಲ್ಲ, ಪ್ರೊಬೇಷನ್ನು."

"ಅಂಗಾರೆ ಅದಾಗ್ಲಿ, ಆಮೇಲೆ ಲಗ್ನ" ಅಂದರು. ಆ ಮಾತಿನ ಮುಂದೆ ಬಾಯಲ್ಲಿದ್ದ ಬೇವೇ ಸಿಹಿ ಅನ್ನಿಸಿತು.

೨. ಗಂಜಿ ಕರೆಯುವ ಎಮ್ಮೆ

ಹನೂರಿನಲ್ಲಿ ನನ್ನ ಸಂಸಾರ ಅಂದರೆ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೌವು, ಒಂದು ಪಾತ್ರೆ. ಹಾಲು ಕೊಡುತ್ತಿದ್ದವಳು ಪಕ್ಕದ ಬೀದಿಯ ಎಮ್ಮೆ ಸಾಕಿದ ಹೆಂಗಸು. ಒಂದು ದಿನ ಪುಸ್ತಕ ಓದುತ್ತಿದ್ದಾಗ ಕಣ್ಣಿಗೆ ಬಿತ್ತು: ಹಾಲಿಗೆ ನೀರು ಹಾಕುವವರು ಅದು ತೆಳ್ಳಗಾಗಿದ್ದು ಗೊತ್ತಾಗದಿರಲೆಂದು ಗಂಜಿ ಬೆರೆಸುತ್ತಾರೆ, ಅಯೋಡಿನ್ ಬಿಟ್ಟರೆ ಬಣ್ಣ ಬಯಲಾಗುತ್ತದೆ. ಸರಿ, ಸ್ಕೂಲಿನ ಸೀಸೆ ತಂದು ಪಾತ್ರೆಯ ಹಾಲಿಗೆ ನಾಲ್ಕು ಹನಿ ಬಿಟ್ಟೆ. ಹಾಲು ನೀಲಿ!

ಬೆಳಿಗ್ಗೆ ಅವಳು ಬಂದಾಗ ನಾನು ಬಾಗಿಲಲ್ಲೇ ನಿಂತು ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದೆ, "ನೋಡಮ್ಮ, ವಿಜ್ಞಾನದ ಕಣ್ಣಿಗೆ ಮಣ್ಣು ಎರಚೋಕಾಗಲ್ಲ. ಇದರಲ್ಲಿ ಗಂಜಿ ಇದೆ."

ಅವಳು ಚೊಂಬು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟಳು. "ಏನ್ ಸಾ ನೀವನ್ನಾದು? ನಮ್ಮತ್ತೆ ಕಾಲದಿಂದ ಈ ಊರ್ಗೆ ಆಲು ಉಯ್ತಾ ಇವ್ನಿ. ಗಂಜಿ ಇದ್ರೆ ನನ್ ಮಕ್ಳಿಗೆ ಕುಡಿಸ್ತೀನಿ, ನಿಮಗ್ಯಾಕೆ ಉಯ್ಲಿ?" ಅಂದವಳು ಹೋಗಿ ಎಮ್ಮೆಯನ್ನೇ ಹೊಡೆದುಕೊಂಡು ಬಂದಳು. "ಕಣ್ ಬುಟ್ಕಂಡು ನೋಡಿ. ಪಾತ್ರೆ ತನ್ನಿ, ನಿಮ್ಮದ್ರಲ್ಲೇ ಕರೀತೀನಿ."

ನನ್ನ ಪಾತ್ರೆಗೇ ಕರೆದಳು. ನೊರೆ ಆರುವವರೆಗೂ ಕಾದು, ಬೀದಿಯ ಜನರ ಎದುರಿಗೆ ಅಯೋಡಿನ್ ಬಿಟ್ಟೆ. ಮತ್ತೆ ನೀಲಿ!

"ಲೇ, ಈ ಎಮ್ಮೆ ಕೆಚ್ಚಲಲ್ಲೇ ಗಂಜಿ ಅದೆ ಕಣ್ಲಾ!" ಅಂತ ಯಾರೋ ಕೂಗಿದರು. ಹೆಂಗಸಿನ ಮುಖ ಬಿಳಿಚಿಕೊಂಡಿತು, ಪಾಪ. ನನಗೋ ಗೆದ್ದ ಖುಷಿ ಒಂದು ಕಡೆ, ಎಮ್ಮೆ ಗಂಜಿ ಕರೆಯೋದು ಹೇಗೆ ಅನ್ನುವ ದಿಗಿಲು ಇನ್ನೊಂದು ಕಡೆ.

ಅದೇ ಹೊತ್ತಿಗೆ ನಮ್ಮ ಹೆಡ್‌ಮಾಸ್ಟರು ಸ್ಕೂಲಿಗೆ ಹೊರಟವರು ಗುಂಪು ನೋಡಿ ಸೈಕಲ್ ನಿಲ್ಲಿಸಿದರು. ಎಲ್ಲ ಕೇಳಿಸಿಕೊಂಡರು. ನನ್ನ ಪಾತ್ರೆ ಎತ್ತಿ ಅಂಚನ್ನು ಉಗುರಿನಿಂದ ಕೆರೆದರು. ಒಣಗಿದ ಬಿಳೀ ಪೊರೆ ಎದ್ದು ಬಂತು.

"ಮೇಷ್ಟ್ರೇ, ನಿಮ್ಮ ಪಂಚೆಗೆ ಗಂಜಿ ಯಾವುದರಲ್ಲಿ ಕಾಯಿಸ್ತೀರಿ?"

ನನಗೆ ಉತ್ತರ ಗೊತ್ತಿತ್ತು. ಅದೇ ಪಾತ್ರೆಯಲ್ಲಿ. ಒಂದೇ ಪಾತ್ರೆಯ ಸಂಸಾರ ಅಂತ ಆಗಲೇ ಹೇಳಿದೆನಲ್ಲ.

ಹೆಂಗಸಿಗೆ ತಪ್ಪಾಯಿತು ಅಂದೆ. ಅವಳು ಬಿಡಲಿಲ್ಲ. "ನನ್ಗೇನ್ ಬ್ಯಾಡಿ ಸಾ, ಎಮ್ಮೆಗೆ ಯೋಳಿ. ಅದ್ರ ಮಾನ ಓಗದೆ." ಬೀದಿಯ ಜನರೆಲ್ಲ ನೋಡುತ್ತಿರುವಾಗ ನಾನು ಎಮ್ಮೆಯ ಮುಂದೆ ನಿಂತು ಕೈ ಮುಗಿದು ತಪ್ಪಾಯಿತಮ್ಮ ಅಂದೆ. ಎಮ್ಮೆ ಬಾಲ ಎತ್ತಿ ತನ್ನ ಅಭಿಪ್ರಾಯವನ್ನು ನನ್ನ ಹೊಸಿಲ ಮೇಲೆಯೇ ಹಾಕಿತು.

೩. ಒಂದು ಮೂಟೆ ಇದ್ದಿಲು

ಇಷ್ಟಾದ ಮೇಲೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಕ್ಲಾಸಿನಲ್ಲಿ ಒಂದು ದಿನ ಸಕ್ಕರೆಯ ಮೇಲೆ ಗಂಧಕಾಮ್ಲ ಸುರಿದೆ. ಸಕ್ಕರೆ ಹೊಗೆಯಾಡಿ, ಉಬ್ಬಿ, ಕರ್ರಗೆ ಇದ್ದಿಲಾಗಿ ಗಾಜಿನ ಲೋಟದಿಂದ ಮೇಲೆ ಬಂತು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಅವರು ಬಾಯಿ ಬಿಟ್ಟರೆ ನನಗೆ ತಲೆ ನಿಲ್ಲುವುದಿಲ್ಲ.

"ನೋಡಿದಿರಾ? ಸಕ್ಕರೆ ಅಂದರೆ ಏನೂ ಇಲ್ಲ ಕಣ್ರೋ. ಇದ್ದಿಲು, ನೀರು, ಅಷ್ಟೇ! ಆಮ್ಲ ನೀರು ಕುಡಿದುಬಿಡ್ತು, ಇದ್ದಿಲು ಉಳೀತು" ಅಂತ ಮೇಜು ಕುಟ್ಟಿ ಹೇಳಿದೆ.

ಮುಂದಿನ ಸೋಮವಾರ ಸ್ಟಾಫ್ ರೂಮಿನ ಬಾಗಿಲಿಗೆ ಒಬ್ಬ ಮನುಷ್ಯ ಬಂದ. ಕಾಡಂಚಿನ ಹಳ್ಳಿಯವನು, ಇದ್ದಿಲು ಸುಟ್ಟು ಮಾರುವ ಕಸುಬು, ಮಗ ನಮ್ಮ ಒಂಬತ್ತನೇ ಕ್ಲಾಸಿನಲ್ಲಿ. ತಲೆಯ ಮೇಲಿಂದ ಒಂದು ಮೂಟೆ ಇಳಿಸಿದ.

"ಇದ್ದಿಲು ತಂದಿವ್ನಿ ಸಾ. ಒಳ್ಳೆ ಮರದ್ದು. ನೀರು ನಿಮ್ಮ ಸ್ಕೂಲ್ ಬಾವೀಲೇ ಅದೆ. ಮಗಳ ಮದ್ವೆ ಸಾ, ಅಂಗಡೀಲಿ ಸಕ್ಕರೆ ಸಿಕ್ತಾ ಇಲ್ಲ. ಅತ್ತು ಸೇರಾಗುವಂಗೆ ಮಾಡ್ಕೊಡಿ."

ಆಗ ಸಕ್ಕರೆಗೆ ಬರ ಇದ್ದದ್ದು ನಿಜ. ಉಳಿದ ಮೇಷ್ಟ್ರುಗಳು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡರು. ನಾನು ಅವನನ್ನು ಕೂರಿಸಿ, ಸಕ್ಕರೆಯನ್ನು ಒಡೆಯುವುದು ಸುಲಭ, ಕೂಡಿಸುವುದು ನಮ್ಮ ಕೈಲಾಗದು ಎಂದು ವಿವರಿಸಿದೆ. ಆ ವಿದ್ಯೆ ಗಿಡದ್ದು. ಎಲೆ ಗಾಳಿಯಿಂದ ಇಂಗಾಲದ ಅನಿಲ ತೆಗೆದುಕೊಳ್ಳುತ್ತದೆ, ಬೇರು ನೀರು ಕೊಡುತ್ತದೆ, ಬಿಸಿಲಿನ ಬಲದಲ್ಲಿ ಸಕ್ಕರೆ ಕಟ್ಟುತ್ತದೆ ಅಂದೆ.

ಅವನು ಎಲ್ಲ ಸಮಾಧಾನವಾಗಿ ಕೇಳಿದ. "ಅಂಗಾರೆ ಕಬ್ಬಿಗೆ ಬತ್ತದೆ?"

"ಬರುತ್ತೆ."

"ನಿಮಗೆ ಬರಾಕಿಲ್ಲ?"

"ಇಲ್ಲ."

ಅವನು ಮೂಟೆ ತಲೆಗೆ ಎತ್ತಿಕೊಂಡು, ಅಷ್ಟರಲ್ಲಿ ಒಳಗೆ ಬಂದ ಹೆಡ್‌ಮಾಸ್ಟರ ಕಡೆ ತಿರುಗಿದ. "ಸಾ, ಇವರ ಬದ್ಲು ನಾಕು ಜಲ್ಲೆ ಕಬ್ಬು ನೆಟ್ಕಬೋದಿತ್ತಲ್ಲಾ?"

೪. ಹುಳಿ ಹಿಂಡಿದ ಅಳಿಯ

ಎರಡನೇ ವರ್ಷದ ಸಂಕ್ರಾಂತಿ ಕಳೆದ ಮೇಲೆ ಮುಳ್ಳೂರಿನ ಆಲೆಮನೆಗೆ ಒಂದು ಭಾನುವಾರ ಹೋದೆ. ಬೆಲ್ಲ ಕಾಯಿಸುವುದು ನೋಡಲು ಅಂತ ಹೇಳಿಕೊಂಡೆ. ಯಾರನ್ನು ನೋಡಲು ಅಂತ ಎಲ್ಲರಿಗೂ ಗೊತ್ತಿತ್ತು.

ಭಾವಿ ಮಾವ ಕಬ್ಬು ಕಡಿಸಲು ಹೊಲಕ್ಕೆ ಹೋಗಿದ್ದರು. ದೊಡ್ಡ ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು. ಕಬ್ಬಿನ ರಸಕ್ಕೆ ನಮ್ಮ ಕಡೆ ಹಾಲು ಅಂತಲೇ ಅನ್ನುವುದು. ಪಾಕ ನೋಡುವ ಮುದುಕ ಅದಕ್ಕೆ ಸುಣ್ಣದ ತಿಳಿ ಹಾಕುತ್ತಿದ್ದ. ಅವಳು ಬುತ್ತಿ ತಂದವಳು ಕಂಬದ ಪಕ್ಕ ನಿಂತಿದ್ದಳು. ಅವಳಿದ್ದಾಳೆ ಅಂದ ಮೇಲೆ ನಾನು ಬಾಯಿ ಮುಚ್ಚಿಕೊಂಡು ಇರುವುದುಂಟೇ?

"ಸುಣ್ಣ ಯಾಕಣ್ಣ? ಹುಳಿ ಹಾಕಬೇಕು" ಅಂದೆ. "ಈ ಸಕ್ಕರೆ ಇದೆಯಲ್ಲ, ಇದು ಎರಡು ಸಕ್ಕರೆ ಕೂಡಿ ಆದ ಜೋಡಿ. ಹುಳಿ ಹಾಕಿ ಕುದಿಸಿದರೆ ಜೋಡಿ ಬಿಡಿಸಿಕೊಂಡು ಗ್ಲೂಕೋಸು, ಫ್ರಕ್ಟೋಸು ಆಗುತ್ತೆ. ಫ್ರಕ್ಟೋಸು ಎಲ್ಲಕ್ಕಿಂತ ಸಿಹಿ."

"ನಂಗೇನ್ ಗೊತ್ತು ಬುದ್ದಿ, ನಮ್ಮಪ್ಪ ಸುಣ್ಣ ಆಕ್ತಿದ್ದ, ನಾನೂ ಆಕ್ತೀನಿ" ಅಂದ ಮುದುಕ. ನಾನು ಆ ಮನೆಗೆ ಅಳಿಯನಾಗುವವನು, ಮೇಲಾಗಿ ಬಿ.ಎಸ್ಸಿ. ಮುದುಕ ತಡೆಯುವುದು ಹೇಗೆ? ಕುಡಿಯುವ ರಸಕ್ಕೆಂದು ಬುಟ್ಟಿಯಲ್ಲಿ ನಿಂಬೆಹಣ್ಣು ಇಟ್ಟಿದ್ದರು. ಬುಟ್ಟಿಗೆ ಬುಟ್ಟಿಯನ್ನೇ ನಾನು ಕೊಪ್ಪರಿಗೆಗೆ ಹಿಂಡಿದೆ.

ರಸಾಯನ ಶಾಸ್ತ್ರ ಒಂದಿಷ್ಟೂ ಸುಳ್ಳಾಗಲಿಲ್ಲ. ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೇ ನಡೆಯಿತು. ನಾನು ಮರೆತದ್ದು ಒಂದೇ ಮಾತು: ಆ ಜೋಡಿ ಬಿಡಿಸಿಕೊಂಡರೆ ಹರಳು ಕಟ್ಟುವುದಿಲ್ಲ. ಹರಳು ಕಟ್ಟದಿದ್ದರೆ ಬೆಲ್ಲ ಆಗುವುದಿಲ್ಲ.

ಮುದುಕ ಪಾಕ ಇಳಿಸಿ ಅಚ್ಚಿಗೆ ಹುಯ್ದ. ಆರಿದರೂ ಗಟ್ಟಿಯಾಗಲಿಲ್ಲ. ಸಂಜೆಯಾಯಿತು, ಅಚ್ಚು ಬೋರಲು ಹಾಕಿದರೆ ಬೆಲ್ಲ ಜೇನಿನ ಹಂಗೆ ಹರಿದು ನನ್ನ ಕಾಲಿಗೇ ಬಂತು. ಅಷ್ಟು ಹೊತ್ತಿಗೆ ಭಾವಿ ಮಾವ ಬಂದು ನಿಂತರು. ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಮದುವೆ ಮುರಿಯಿತು ಅಂತಲೇ ಅಂದುಕೊಂಡೆ.

ಅವಳು ಬಂದು ಬೆರಳಿನಲ್ಲಿ ಒಂದಿಷ್ಟು ತೆಗೆದು ನೆಕ್ಕಿದಳು. "ಅವರು ಯೋಳಿದ್ದು ದಿಟ ಕಣಪ್ಪಾ, ಸೀ ಜಾಸ್ತಿನೇ ಆಗದೆ" ಅಂದಳು. ಅವಳು ನನ್ನ ಪರವಾಗಿ ಆಡಿದ ಮೊದಲ ಮಾತು. ಈಗಲೂ ನೆನೆಸಿಕೊಂಡರೆ ಎದೆ ತುಂಬಿ ಬರುತ್ತೆ.

ಮಾವ ನನ್ನನ್ನು ಬಸ್ಸಿನವರೆಗೂ ಬಿಡಲು ಬಂದರು. ಬಸ್ಸು ಬಂದಾಗ ಕೈ ಮುಗಿದು ಹೇಳಿದರು, "ಮೇಷ್ಟ್ರೇ, ಪರ್ಮನೆಂಟ್ ಆಗಗಂಟ ಈ ಕಡೆ ಬರಬ್ಯಾಡಿ. ಇನ್ನೂ ಎರಡು ಕೊಪ್ಪರಿಗೆ ಅಷ್ಟು ಕಬ್ಬದೆ."

೫. ಇನ್ಸ್‌ಪೆಕ್ಟರ ಗಂಟಲು

ಇನ್ಸ್‌ಪೆಕ್ಷನ್ ಬಂದೇ ಬಂತು. ಸಾಹೇಬರು ಮೈಸೂರಿನಿಂದ ಬರುವವರು, ಕೋಟು, ಟೈ, ಚಿನ್ನದ ಕಟ್ಟಿನ ಕನ್ನಡಕ, ನಗು ಅನ್ನುವುದೇ ಗೊತ್ತಿಲ್ಲ ಅಂತ ಸುದ್ದಿ. ಹೆಡ್‌ಮಾಸ್ಟರು ನನ್ನನ್ನು ಕರೆದು ಹೇಳಿದರು, "ಅಯೋಡಿನ್ ಮುಟ್ಟಬೇಡಿ. ಆಮ್ಲ ಮುಟ್ಟಬೇಡಿ. ಏನೂ ಚೆಲ್ಲದ, ಉರಿಯದ ಪಾಠ ಮಾಡಿ. ನಿಮ್ಮ ಕೆಲಸ, ನಿಮ್ಮ ಮದುವೆ ಎರಡೂ ಇದರಲ್ಲಿದೆ."

ನಾನು ಆರಿಸಿಕೊಂಡದ್ದು ಬಹಳ ಸಾಧು ಪ್ರಯೋಗ. ಅನ್ನವನ್ನು ಬಾಯಲ್ಲಿಟ್ಟು ಎರಡು ನಿಮಿಷ ಅಗಿಯುತ್ತಲೇ ಇದ್ದರೆ ಎಂಜಲು ಅದರ ಪಿಷ್ಟವನ್ನು ಕಡಿದು ಸಕ್ಕರೆ ಮಾಡುತ್ತದೆ, ಬಾಯಿ ಸಿಹಿಯಾಗುತ್ತದೆ. ಸೀಸೆ ಬೇಡ, ಬೆಂಕಿ ಬೇಡ. ಅಟೆಂಡರಿಗೆ ಬೆಳಿಗ್ಗೆಯೇ ಹೇಳಿದೆ, ಮನೆಯಿಂದ ಒಂದು ಪಾತ್ರೆ ಅನ್ನ ಮಾಡಿಸಿಕೊಂಡು ಬಾ ಅಂತ.

ಪಾಠ ಶುರುವಾಯಿತು. ಸಾಹೇಬರು ಹಿಂದಿನ ಬೆಂಚಿನಲ್ಲಿ, ಪಕ್ಕದಲ್ಲಿ ಹೆಡ್‌ಮಾಸ್ಟರು. ಅಟೆಂಡರು ಪಾತ್ರೆ ತಂದಿಟ್ಟ. ಮುಚ್ಚಳ ತೆಗೆದರೆ ಒಳಗೆ ಹತ್ತು ದಪ್ಪ ರಾಗಿಮುದ್ದೆ, ಹಬೆಯಾಡುತ್ತಿದ್ದವು!

"ಅನ್ನ ಎಲ್ಲೋ?" ಅಂತ ಮೆಲ್ಲಗೆ ಕೇಳಿದೆ.

"ಅಬ್ಬ ಅಲ್ಲ ಉಣ್ಣಿಮೆ ಅಲ್ಲ, ಅನ್ನ ಎಲ್ಲಿಂದ ತರಾನ ಸಾ? ಎರಡ್ರಲ್ಲೂ ಇರೋದು ಪಿಷ್ಟನೇ ಅಂತ ನೀವೇ ಪಾಠ ಮಾಡ್ತಿದ್ರಿ, ಬಾಗಿಲಲ್ಲಿ ಕೇಳುಸ್ಕಂಡಿವ್ನಿ."

ನನ್ನ ಪಾಠ ಅರ್ಥ ಮಾಡಿಕೊಂಡ ಮೊದಲ ವ್ಯಕ್ತಿ, ಅವನಿಗೆ ಏನಂತ ಹೇಳಲಿ? ಎಲ್ಲರಿಗೂ ನೆಲ್ಲಿಕಾಯಿಯಷ್ಟು ಮುದ್ದೆ ಕೊಡಿಸಿದೆ. "ಬಾಯಲ್ಲಿಟ್ಟು ಎರಡು ನಿಮಿಷ ಚೆನ್ನಾಗಿ ಅಗಿಯಿರಿ, ಆಮೇಲೆ ರುಚಿ ಹೇಳಿ."

ಮೂವತ್ತು ಬಾಯಿ ತೆರೆದವು. ಮೂವತ್ತು ಗಂಟಲು ಒಂದೇ ಸಲ ಗುಳಕ್ ಅಂದವು.

ಮುದ್ದೆ ತಿನ್ನುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುದ್ದೆ ಅಗಿಯುವುದಲ್ಲ, ನುಂಗುವುದು. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತೆ, ಮನೆಯಲ್ಲಿ ಅಜ್ಜಿ ತಲೆ ಮೇಲೆ ಮೊಟಕುತ್ತಾಳೆ.

"ನುಂಗಬೇಡ್ರೋ, ಅಗೀರಿ!" ಎರಡನೇ ಸಲ ಹಂಚಿದೆ. ಮತ್ತೆ ಗುಳಕ್. ಮುಂದಿನ ಬೆಂಚಿನ ಹುಡುಗಿ ಅಳುಮೋರೆ ಮಾಡಿಕೊಂಡಳು, "ನಾನು ಅಗಿಯವ ಅಂತಲೇ ಇದ್ದಿ ಸಾ, ಅದೇ ಒಂಟೋಯ್ತದೆ."

ಹಿಂದಿನಿಂದ ಸಾಹೇಬರ ದನಿ ಬಂತು. "ಮೇಷ್ಟ್ರೇ, ನೀವು ಮಾಡಿ ತೋರಿಸಿ."

ಮುದ್ದೆ ಬಾಯಲ್ಲಿಟ್ಟೆ. ಖಾಯಂ ಆರ್ಡರನ್ನು ನೆನೆಸಿಕೊಂಡೆ, ಮುಳ್ಳೂರನ್ನು ನೆನೆಸಿಕೊಂಡೆ, ಹಲ್ಲು ಕೂಡಿಸಲು ಹೋದೆ. ಅಗರದವನ ಗಂಟಲು, ನನ್ನ ಮಾತು ಕೇಳಬೇಕಲ್ಲ! ಗುಳಕ್. ಇನ್ನೊಂದು ತುತ್ತು ತೆಗೆದುಕೊಂಡೆ. ಈ ಸಲ ಒಂದೇ ಒಂದು ಸಲ ಹಲ್ಲು ಊರಿತು, ಮರುಕ್ಷಣ ಅದೂ ಗುಳಕ್. ಹುಡುಗರು ಕಿಸಕ್ಕೆಂದರು. ಹೆಡ್‌ಮಾಸ್ಟರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ನನಗೆ ಅಳುವೇ ಬಂತು.

ಸಾಹೇಬರು ಎದ್ದರು. "ಇದೇನು ದೊಡ್ಡ ಬ್ರಹ್ಮವಿದ್ಯೆಯೇನ್ರೀ? ಕೊಡಿ ಇಲ್ಲಿ." ಪಾತ್ರೆಯ ಹತ್ತಿರ ಬಂದು, ಕೋಟಿನ ತೋಳು ಹಿಂದಕ್ಕೆ ಸರಿಸಿ, ನಾವ್ಯಾರೂ ಕಲಿಸದೆಯೇ ಮೂರು ಬೆರಳಿನಲ್ಲಿ ಮುದ್ದೆ ಮುರಿದು ಉಂಡೆ ಮಾಡಿದರು. ಬಾಯಲ್ಲಿಟ್ಟು ಕಣ್ಣು ಮುಚ್ಚಿದರು. ಇಡೀ ಕ್ಲಾಸು ಅವರ ದವಡೆಯನ್ನೇ ನೋಡುತ್ತಿತ್ತು. ದವಡೆ ಅಲುಗಲಿಲ್ಲ. ಟೈ ಗಂಟಿನ ಮೇಲೆ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

ಸಾಹೇಬರು ಮೆಲ್ಲಗೆ ಕಣ್ಣು ತೆರೆದು ಅಟೆಂಡರ ಕಡೆ ನೋಡಿದರು.

"ಸಾರು ಇಲ್ವೇನಯ್ಯಾ?"

ಅಟೆಂಡರು ಓಡಿಹೋಗಿ ತನ್ನ ಮಧ್ಯಾಹ್ನದ ಊಟಕ್ಕೆ ತಂದಿದ್ದ ಸೊಪ್ಪಿನ ಸಾರು ತಂದ. ಸಾಹೇಬರು ಹುಟ್ಟಿದ್ದು ಮಳವಳ್ಳಿ ಕಡೆಯ ಹಳ್ಳಿಯಲ್ಲಂತೆ, ಮೈಸೂರಿನ ಮನೆಯಲ್ಲಿ ಮುದ್ದೆ ಮಾಡುವವರಿಲ್ಲವಂತೆ. ನನ್ನ ಮೇಜಿನ ಮುಂದೆಯೇ ಕೂತು ಒಂದು ಇಡೀ ಮುದ್ದೆ ಉಂಡರು. ಕೈ ತೊಳೆದುಕೊಂಡು ಬಂದು ಮಕ್ಕಳ ಕಡೆ ತಿರುಗಿದರು. "ಬಾಯಲ್ಲಂತೂ ಸಕ್ಕರೆ ಆಗಲಿಲ್ಲ. ಹಂಗಾದರೆ ಈ ಪಿಷ್ಟ ಮುಂದೆ ಏನಾಗುತ್ತೆ?"

ಅಳುಮೋರೆಯ ಹುಡುಗಿ ಎದ್ದು ನಿಂತಳು. "ಸಣ್ಣ ಕರುಳ್ನಲ್ಲಿ ಆಯ್ತದೆ ಸಾ. ಅಲ್ಲೂ ಕಡಿಯೋ ರಸ ಅದೆ. ಗ್ಲೂಕೋಸ್ ಆಗಿ ರಕ್ತಕ್ಕೆ ಓಯ್ತದೆ." ಸಾಹೇಬರು ತಲೆಯಾಡಿಸಿ ಜೀಪು ಹತ್ತಿದರು.

ಒಂದೂವರೆ ತಿಂಗಳು ನನಗೆ ನಿದ್ದೆಯಿಲ್ಲ. ಕೊನೆಗೆ ವರದಿ ಬಂತು. ಹೆಡ್‌ಮಾಸ್ಟರು ಓದಿ ನನ್ನ ಕೈಗೆ ಕೊಟ್ಟರು. ಅವತ್ತೇ ಬಸ್ಸು ಹತ್ತಿ ಮುಳ್ಳೂರಿಗೆ ಹೋದೆ. ಮಾವ ಕಾಗದ ತಿರುಗಿಸಿ ನೋಡಿ, ನೀವೇ ಓದಿ ಅಂದರು. ಜಗಲಿಯ ಮೇಲೆ ಅಜ್ಜಿ, ಬಾಗಿಲ ಹಿಂದೆ ಅವಳು. ಗಟ್ಟಿಯಾಗಿ ಓದಿದೆ: "ಶಿಕ್ಷಕರಿಗೆ ವಿಷಯ ತಿಳಿದಿದೆ. ಅಗಿಯಲು ಬರುವುದಿಲ್ಲ. ಖಾಯಂ ಮಾಡಬಹುದು."

ಮಾವ ಒಳಗೆ ಕೂಗಿ ಎಲೆ ಅಡಿಕೆ ತಟ್ಟೆ ತರಲು ಹೇಳಿ, ನನ್ನ ಕಡೆ ತಿರುಗಿದರು.

"ಒಳ್ಳೇದೇ ಬರ್ದವ್ರೆ ಬುಡಿ. ಮುದ್ದೆ ಅಗಿಯೋನ್ಗೆ ಯಾವನು ಎಣ್ ಕೊಟ್ಟಾನು?"